ಖಾಲಿ ಕೋಣೆಗೆ ಹೇಳಿದ ಭೇಷ್

ಕೃಷ್ಣೆ ಉಕ್ಕಿ ಸೇತುವೆಯ ಮೇಲೆ ಏರಿದಳೆಂದರೆ ಯಡೂರಿನ ಕಡೆಯ ನಮ್ಮ ವಿದ್ಯಾರ್ಥಿಗಳು ಚಿಕ್ಕೋಡಿಗೆ ಬರುವುದು ನಿಂತಂತೆಯೇ. ಆ ಮಳೆಗಾಲದಲ್ಲಿ ಪರೀಕ್ಷೆ ಹತ್ತಿರ ಬಂದಿತ್ತು, ನನ್ನ ಅರ್ಥಶಾಸ್ತ್ರದ ಕೊನೆಯ ಪಾಠ ಬಾಕಿ ಇತ್ತು, ಬೆಂಚುಗಳು ಮಾತ್ರ ಖಾಲಿ.

ಕಾಲೇಜಿನ ಆನ್‌ಲೈನ್ ಕಲಿಕೆಯ ತಾಣಕ್ಕೆ ಪಾಠ ಹಾಕಿರೆಂದು ಎಲ್ಲರೂ ಹೇಳುತ್ತಲೇ ಇದ್ದರು. ನಾನು ಒಂದಿಲ್ಲೊಂದು ನೆವ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಹುಡುಗರ ಹುಬ್ಬು ಗಂಟಾದರೆ ಹಿಂದಕ್ಕೆ ಹೋಗುವುದು, ಬಿಚ್ಚಿದರೆ ಮುಂದಕ್ಕೆ ನಡೆಯುವುದು, ನನಗೆ ಗೊತ್ತಿದ್ದ ವಿದ್ಯೆ ಇಷ್ಟೇ. ಮುಖ ಕಾಣದೆ ಪಾಠ ಮಾಡುವುದು ಹೇಗೆ? ಆದರೆ ಈ ಸಲ ನೆವ ಹೇಳಿದರೆ ಮಕ್ಕಳು ಪಾಠವಿಲ್ಲದೆ ಪರೀಕ್ಷೆಗೆ ಕೂರಬೇಕು.

ನಿಪ್ಪಾಣಿಯಿಂದ ಬರುವ ಕಿರಿಯ ಅಧ್ಯಾಪಕಿ ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ನನ್ನನ್ನು ಖಾಲಿ ಕೋಣೆಯಲ್ಲಿ ನಿಲ್ಲಿಸಿಯೇಬಿಟ್ಟರು. ಬೆಲೆ ಏರಿದಾಗ ಯಾವ ವಸ್ತುವಿನ ಬೇಡಿಕೆ ಎಷ್ಟು ಇಳಿಯುತ್ತದೆ ಎಂಬುದು ಪಾಠ. ದ್ರಾಕ್ಷಿ ತುಟ್ಟಿಯಾದರೆ ಜನ ಕೊಳ್ಳುವುದು ಬಿಡುತ್ತಾರೆ, ಉಪ್ಪು ತುಟ್ಟಿಯಾದರೆ ಬಿಡುತ್ತಾರೇನು ಎಂದು ಕೇಳಿ, ರೂಢಿಯಂತೆ ಉತ್ತರಕ್ಕೆ ಕಾದೆ. ಎದುರಿನ ಗೋಡೆ ನೋಡುತ್ತ ಕಾದೆ. ಆಮೇಲೆ, ಅದೂ ರೂಢಿಯೇ, "ಭೇಷ್, ಕುಂದ್ರು" ಎಂದೆ.

ಅಧ್ಯಾಪಕಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಯಾರಿಗಂದ್ರಿ ಸರ್ ಭೇಷ್? ಇರಲಿ, ಇವತ್ತ ಈ ಅರ್ಧ ಪಾಠ ಹಾಂಗ ಹಾಕೂಣ್ರಿ, ನಾಳೆ ಆ ಭೇಷ್ ಅಷ್ಟ ಕಟ್ ಮಾಡತೀನಿ."

ಮರುದಿನ ಬೆಳಿಗ್ಗೆ ಯಡೂರಿನ ಒಬ್ಬ ವಿದ್ಯಾರ್ಥಿನಿಯ ಫೋನು. ಏನೂ ತಿಳಿಯಲಿಲ್ಲ ಎನ್ನುತ್ತಾಳೆಂದು ಅಳುಕುತ್ತಲೇ ಎತ್ತಿದೆ.

"ಸರ್, ವಿಡಿಯೋದಾಗ ನೀವು ಉಪ್ಪಿನ ಪ್ರಶ್ನೆ ಕೇಳಿ ಸುಮ್ಮನ ನಿಂತ್ರಲ್ರಿ, ನಾ ಬಾಯಿ ತೆರಿಯೂದರಾಗ ಒಲಿ ಮುಂದ ಕುಂತಿದ್ದ ನಮ್ಮ ಆಯಿ, 'ಉಪ್ಪ ಬಿಟ್ಟ ಏನ್ ಉಣ್ಣೂದೋ ಮಾಸ್ತರಾ' ಅಂದಳ್ರಿ. ಅಷ್ಟರಾಗ ನೀವು ಭೇಷ್ ಅಂದ್ರಿ. ಆಯಿ ಓಣಿ ತುಂಬ ಹೇಳ್ಕೋಂತ ಹೊಂಟಾಳ್ರಿ."

ಅವಳ ಅಜ್ಜಿಯ ಮಾತಿಗೆ ಬಂದ ನಗು ತಡೆದುಕೊಂಡು, ನಿನಗೆ ತಿಳಿಯಿತೇನವ್ವ ಎಂದು ಕೇಳಿದೆ. ಸಕ್ಕರೆ ಯಾವ ಕಡೆ, ಬಸ್ಸಿನ ಟಿಕೀಟು ಯಾವ ಕಡೆ ಎಂದು ತಾನೇ ಬಿಡಿಸಿ ಹೇಳಿದಳು. ಅವಳ ಹುಬ್ಬು ಬಿಚ್ಚಿದ್ದು ಫೋನಿನಲ್ಲೇ ಕಂಡಂತಾಯಿತು. ನನಗೋ ಎಲ್ಲಿಲ್ಲದ ಉಮೇದು! ಕಾಲೇಜು ಮುಟ್ಟಿದವನೇ ಚೀಲವನ್ನೂ ಇಳಿಸದೆ ಆ ಕೋಣೆಗೆ ಹೋದೆ. ಅಧ್ಯಾಪಕಿ ವಿಡಿಯೋ ಕತ್ತರಿಸಲು ಕೂತೇಬಿಟ್ಟಿದ್ದರು.

"ಕಟ್ ಮಾಡಬ್ಯಾಡ್ರಿ ಮೇಡಮ್. ಸ್ಟ್ಯಾಂಡ್ ನಿಲ್ಲಸ್ರಿ, ಇನ್ನ ಅರ್ಧ ಪಾಠ ಐತಿ."

ಆ ದಿನ ಪ್ರತಿ ಪ್ರಶ್ನೆಯ ನಂತರ ತುಸು ಹೆಚ್ಚೇ ಕಾದೆ. ಒಲೆಯ ಮುಂದೆ ಕೂತ ಅಜ್ಜಿಗೂ ಉತ್ತರ ಹೇಳಲು ಅಷ್ಟು ಹೊತ್ತು ಬೇಕಲ್ಲ.