ಕಿಟಕಿಯ ಹಿಂದಿನ ಕನ್ನಡಿ

ಆ ದೊಡ್ಡ ಅಂಗಡಿಯ ಗಾಜಿನ ಕಿಟಕಿ ಸಿಂಗರಿಸುವುದು ಅವನ ಕೆಲಸ, ಎಲ್ಲರನ್ನೂ ಅನುಮಾನಿಸುವುದು ಹುಟ್ಟುಗುಣ. ಗೊಂಬೆಗೆ ತೊಡಿಸಿದ ಕೋಟಿನ ಗುಂಡಿಗಳನ್ನು ದಿನಾ ಬೆಳಿಗ್ಗೆ ಎಣಿಸುತ್ತಿದ್ದ. ಜೊತೆಯವರು ಅವನಿಗೆ ಅನುಮಾನಪ್ಪ ಎಂದೇ ಹೆಸರಿಟ್ಟಿದ್ದರು. ಸ್ವಂತ ತಂಗಿ ಕೊಟ್ಟ ಕಾಫಿಯನ್ನೂ ಮೂಸಿ ನೋಡಿ ಕುಡಿಯುವ ಆಸಾಮಿ!

ಅವನು ಸೇರಿದಾಗ ಇದ್ದದ್ದು ಒಂದೇ ಅಂಗಡಿ. ಇಪ್ಪತ್ತು ವರ್ಷದಲ್ಲಿ ಏಳು ಊರುಗಳಲ್ಲಿ ಏಳಾದವು. ಅಮೃತಶಿಲೆಯ ನೆಲ, ಬಾಗಿಲು ತೆರೆಯಲೊಬ್ಬ, ಸೆಂಟು ಚಿಮುಕಿಸಲೊಬ್ಬಳು. ಜನ ಚಪ್ಪಲಿ ಒರೆಸಿಕೊಂಡು ಒಳಗೆ ಬರುತ್ತಿದ್ದರು.

ಈ ವರ್ಷ ಮಾತ್ರ ಏನೋ ಸರಿಯಿರಲಿಲ್ಲ. ಕಿಟಕಿಗೆಂದು ಬರುತ್ತಿದ್ದ ಕೈಚೀಲಗಳು ಎರಡು ಸಾಲಿನಿಂದ ಒಂದಕ್ಕಿಳಿದವು. ಮಾರುವ ಹುಡುಗಿಯರೇ ಕದಿಯುತ್ತಿದ್ದಾರೆಂದು ವಾರಗಟ್ಟಲೆ ಕಂಬದ ಮರೆಯಲ್ಲಿ ನಿಂತು ಕಾದ. ಒಂದು ಪಿನ್ನೂ ಸಿಗಲಿಲ್ಲ. ಆಗ ಮ್ಯಾನೇಜರ್ ಕರೆದರು.

“ಕಿಟಕಿ ಹಿಂದೆ ಕನ್ನಡಿ ಇಡಪ್ಪ. ಇರೋದು ಎರಡರಷ್ಟು ಕಾಣ್ಲಿ. ಖಾಲಿ ಡಬ್ಬಗಳನ್ನೂ ಜೋಡಿಸು.”

“ಹೊಸ ಮಾಲು ಯಾವಾಗ ಸಾರ್?”

“ಬರುತ್ತೆ, ಬರುತ್ತೆ,” ಎಂದವರು ಮುಖ ಕೊಟ್ಟು ಮಾತಾಡಲಿಲ್ಲ.

ಅವನು ಕೆಲಸ ಅಚ್ಚುಕಟ್ಟಾಗಿ ಮುಗಿಸಿದ. ಆರು ಕೈಚೀಲ ಹನ್ನೆರಡಾದವು. ಮನೆಗೆ ಬಂದರೆ ತಂಗಿಗೆ ಕಾಲು ನೆಲದ ಮೇಲಿಲ್ಲ. ಅಂಗಡಿಯ ಸೆಂಟಿನ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಹಲ್ಲಿನ ಆಸ್ಪತ್ರೆಯ ಕೆಲಸಕ್ಕೆ ನಾಳೆಯೇ ರಾಜೀನಾಮೆ ಅಂತೆ.

“ಅಲ್ಲಿದ್ದವಳು ಯಾಕೆ ಬಿಟ್ಲು, ಕೇಳಿದ್ಯಾ? ಬೇಡ ಕಣೆ, ಅಂಗಡಿ ಮುಳುಗ್ತಿದೆ.”

“ನಿನಗೆ ಯಾರ ಮೇಲೆ ಅನುಮಾನ ಇಲ್ಲ ಹೇಳಣ್ಣ? ಈಗ್ತಾನೆ ಕಿಟಕಿ ನೋಡ್ಕೊಂಡು ಬಂದೆ. ಮಾಲು ತುಂಬಿ ತುಳುಕ್ತಿದೆ!”

ಇಪ್ಪತ್ತು ವರ್ಷದಲ್ಲಿ ಅವನ ಕೈಚಳಕವನ್ನು ಯಾರೂ ಇಷ್ಟು ಹೊಗಳಿರಲಿಲ್ಲ. ಅವನಿಗೆ ಅಳು ಬಂತು.

ಮರುದಿನ ಬೆಳಿಗ್ಗೆ ರಾಜೀನಾಮೆಯ ಕಾಗದ ಹಿಡಿದು ಹೊರಟ ತಂಗಿಯನ್ನು ಕಿಟಕಿಯ ಮುಂದೆ ನಿಲ್ಲಿಸಿ ತಾನು ಒಳಗೆ ಹೋದ. ಎರಡೂ ಕೈಯಿಂದ ಕನ್ನಡಿ ಎತ್ತಿ ಪಕ್ಕಕ್ಕಿಟ್ಟ. ಹಿಂದೆ ಬರೀ ಗೋಡೆ. ಡಬ್ಬಗಳ ಮುಚ್ಚಳವನ್ನೂ ಒಂದೊಂದಾಗಿ ತೆಗೆದು ತೋರಿಸಿದ. ತಂಗಿ ರಾಜೀನಾಮೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ಅಷ್ಟರಲ್ಲಿ ಅವಳ ಹಿಂದೆ ಹತ್ತಾರು ಜನ ನೆರೆದಿದ್ದರು.

ಮಧ್ಯಾಹ್ನಕ್ಕೆ ಅವನ ಕೆಲಸ ಹೋಯಿತು. ಸುದ್ದಿ ಊರೂರು ಸುತ್ತಿತು, ಗಿರಾಕಿಗಳು ದೂರವಾದರು, ತಿಂಗಳೊಳಗೆ ಏಳೂ ಅಂಗಡಿಗಳಿಗೆ ಬೀಗ ಬಿತ್ತು.

“ಹೇಗಿದ್ರೂ ಮುಳುಗ್ತಿತ್ತಲ್ಲ ಅಣ್ಣ,” ಎಂದು ತಂಗಿ ದಿನಾ ಹೇಳುತ್ತಾಳೆ. ಅವನು ತಲೆಯಾಡಿಸುತ್ತಾನೆ, ಅವಳು ಕೊಟ್ಟ ಕಾಫಿಯನ್ನು ಮೂಸದೆ ಕುಡಿಯುತ್ತಾನೆ. ಕೆಲಸ ಕಳೆದುಕೊಂಡ ಆ ಮಾರುವ ಹುಡುಗಿಯರಲ್ಲಿ ಯಾರಾದರೂ ಬೀದಿಯಲ್ಲಿ ಕಂಡರೆ ಮಾತ್ರ ಪಕ್ಕದ ಗಲ್ಲಿಗೆ ತಿರುಗಿಬಿಡುತ್ತಾನೆ. ಈಗ ಅವನಿಗೆ ತನ್ನ ಮೇಲಲ್ಲದೆ ಬೇರೆ ಯಾರ ಮೇಲೂ ಅನುಮಾನವಿಲ್ಲ.