ಮಧ್ಯಾಹ್ನ ಒಂದು ಗಂಟೆಯ ಅಳತೆ

೨೦೨೪ರ ಮಾರ್ಚ್ ೭, ಗುರುವಾರ. ಅಂದು ಮುಂಜಾನೆ ಇಂಟರ್‌ನೆಟ್ ಕಂಪನಿಯವರು ಹೇಳದೆ ಕೇಳದೆ, ದೂರದಿಂದಲೇ, ದರ್ಜಿ ಅಕ್ಕನ ಮನೆಯ ರೌಟರಿಗೆ ಕೈ ಹಾಕಿದರು. ಆಕೆ ಮಾಡಿಕೊಂಡಿದ್ದ ಸೆಟ್ಟಿಂಗುಗಳನ್ನು ಅಳಿಸಿ, ಅವನ್ನು ತೆರೆಯುವ ಪಾಸ್‌ವರ್ಡನ್ನೂ ಬದಲಿಸಿದರು.

ಅಕ್ಕನ ತಮ್ಮ ಹುಟ್ಟುಕಿವುಡ. ಬೇರೆ ಊರಿನಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಅವನ ಊಟದ ಬಿಡುವಿನಲ್ಲಿ, ಒಂದು ಗಂಟೆಗೆ, ಇಬ್ಬರೂ ವಿಡಿಯೋ ಕರೆಯಲ್ಲಿ ಕೈಸನ್ನೆಯಿಂದ ಮಾತಾಡುತ್ತಾರೆ. ಉಳಿದವರಿಗೆ ಚಿತ್ರ ನಿಂತರೂ ದನಿಯಿರುತ್ತದೆ. ಇವರಿಗೆ ಚಿತ್ರ ನಿಂತರೆ ಬಾಯಿಗೆ ಬೀಗ ಬಿದ್ದಂತೆ. ಆದ್ದರಿಂದ ಅದೇ ಇಂಟರ್‌ನೆಟ್ಟಿನಿಂದ ಓಡುವ ಮನೆಯ ಟಿವಿ ಎಷ್ಟೇ ಹಸಿದಿದ್ದರೂ ತನ್ನ ಫೋನಿಗೇ ಮೊದಲ ಪಂಕ್ತಿ ಎಂದು ಅಕ್ಕ ರೌಟರಿನಲ್ಲಿ ಗೊತ್ತುಮಾಡಿದ್ದಳು. ತಮ್ಮನ ಕಣ್ಣು ಬೇರೆ ಮಂಜಾಗುತ್ತಿದೆ. ಇನ್ನೊಂದು ವರ್ಷ ಕಂಡರೆ ಹೆಚ್ಚು ಎಂದಿದ್ದಾರೆ ವೈದ್ಯರು.

ಅಕ್ಕ ತಲೆಮೇಲೆ ಕೈಹೊತ್ತು ಕೂರಲಿಲ್ಲ. ಅಳತೆ ಪುಸ್ತಕ ತೆರೆದು, ಎದೆ, ಸೊಂಟ, ತೋಳು ಎಂದಿದ್ದ ಅಂಕಣಗಳನ್ನು ಹೊಡೆದುಹಾಕಿ, ವೇಳೆ, ವಿಳಂಬ, ನಿಂತ ಸಲ ಎಂದು ಬರೆದಳು. ಹನ್ನೆರಡು ದಿನ ಅಳೆದಳು. ನಲವತ್ತು ನಿಮಿಷದ ಮಾತಿನಲ್ಲಿ ಸರಾಸರಿ ಹನ್ನೊಂದು ಬಾರಿ ಚಿತ್ರ ನಿಂತಿತ್ತು. ಆ ಲೆಕ್ಕ ಬರೆದು ಕಂಪನಿಗೆ ದೂರು ಕೊಟ್ಟಳು.

ಹತ್ತೊಂಬತ್ತರಂದು ಬೆಳಿಗ್ಗೆ ಹತ್ತಕ್ಕೆ ಕಂಪನಿಯ ಮೆಕ್ಯಾನಿಕ್ ಬಂದು, ರೌಟರಿನ ಪಕ್ಕದಲ್ಲೇ ಫೋನು ಹಿಡಿದು ನೋಡಿದ.

"ಸ್ಪೀಡು ಕುದುರೆ ಥರ ಓಡ್ತಿದೆಯಲ್ಲಕ್ಕ!"

"ಖಾಲಿ ಹೊಟ್ಟೇಲಿ ಸೊಂಟದ ಅಳತೆ ತಗೊಂಡು, ಊಟ ಆದ್ಮೇಲೂ ಬಿಗಿಯಾಗಲ್ಲ ಅಂತೀಯೇನಪ್ಪ? ಒಂದು ಗಂಟೆಗೆ ಬಂದು ಅಳೆ. ಇಲ್ಲಾಂದ್ರೆ ಪಾಸ್‌ವರ್ಡ್ ಕೊಡು, ನಾನೇ ಸರಿ ಮಾಡ್ಕೋತೀನಿ."

"ಅದು ನನ್ನ ಕೈಲಿಲ್ಲಕ್ಕ. ಕಸ್ಟಮರಿಗೆ ಕೊಡಬೇಡಿ ಅಂದಿದಾರೆ."

ಹೋಗುವಾಗ, 'ಪರಿಹರಿಸಲಾಗಿದೆ' ಎಂದು ಒತ್ತಿ ದೂರನ್ನು ಮುಚ್ಚಿಹೋದ.

ಆ ಮಧ್ಯಾಹ್ನ ತಮ್ಮ ಏನೋ ಹೇಳುತ್ತಿರುವಾಗಲೇ ಅವನ ಕೈ ಗಾಳಿಯಲ್ಲಿ ನಿಂತುಬಿಟ್ಟಿತು. ಅಕ್ಕ ಪರದೆಯ ಮೇಲಿನ ಆ ಬೆರಳುಗಳನ್ನು ಮೆಲ್ಲಗೆ ಸವರಿದಳು. ಒಳಕೋಣೆಯಲ್ಲಿ ಟಿವಿಯ ಗದ್ದಲ ತಟ್ಟನೆ ನಿಂತಿತು. ಆರಿಸಿ ಎಂದು ಆಕೆ ಒಂದು ದಿನವೂ ಕೇಳಿರಲಿಲ್ಲ. ಪಂದ್ಯವೆಂದರೆ ಊಟ ಬಿಡುವ ಗಂಡ, ರಿಮೋಟ್ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಈಗ ಬಂದ್ನೇನೇ ನನ್ನ ಭಾವಮೈದ?"

ಬೆರಳುಗಳು ಅಲುಗಿದವು. ಅಕ್ಕ ನಡೆದದ್ದನ್ನು ಸನ್ನೆಯಲ್ಲಿ ಹೇಳಿ, ಅವನ ಉತ್ತರ ಕಂಡು ನಕ್ಕುಬಿಟ್ಟಳು.

"ಬಂದ. ಭಾವ ಟಿವಿ ಆರಿಸಿದಾರಲ್ಲ, ಮೈ ಹುಷಾರಿದೆಯಾ ಅಂತ ಕೇಳ್ತಿದಾನೆ."

ಅಂದಿನಿಂದ ಹನ್ನೊಂದಿದ್ದದ್ದು ಎರಡಕ್ಕೆ ಇಳಿದಿದೆ. ಕಂಪನಿಯವರು ಇದನ್ನು ತಮ್ಮ ಸೇವೆಯೆಂದು ಬರೆದುಕೊಳ್ಳತಕ್ಕದ್ದಲ್ಲ. ಪಂದ್ಯ ಬಿಟ್ಟವನು ಭಾವ. ಮಾನ್ಯರೇ, ಆಕೆಯ ರೌಟರಿನ ಪಾಸ್‌ವರ್ಡನ್ನು ಆಕೆಗೆ ಹಿಂತಿರುಗಿಸಿ. ಮುಚ್ಚಿದ ದೂರನ್ನು ತೆರೆಯಿರಿ. ಅಳೆಯುವುದಾದರೆ ಮಧ್ಯಾಹ್ನ ಒಂದು ಗಂಟೆಗೇ ಬನ್ನಿ, ಈ ವಾರವೇ ಬನ್ನಿ. ತಮ್ಮನ ಕಣ್ಣು ನಿಮ್ಮ ಸರದಿಗಾಗಿ ಕಾಯುವುದಿಲ್ಲ.