ತೀರ್ಥ ಕುಡಿದ ಕಂಪ್ಯೂಟರ್

ಆಗಿನ್ನೂ ನಮ್ಮೂರಿನ ಕೆರೆಯ ಹಿಂದೆ ಅವರೆ ಬೆಳೆಯುತ್ತಿದ್ದ ಕಾಲ. ದೊಡ್ಡನೆಕ್ಕುಂದಿ ಕಡೆಯಿಂದ ಗಾಜಿನ ಕಟ್ಟಡಗಳು ಒಂದೊಂದಾಗಿ ನಮ್ಮತ್ತ ಬರುತ್ತಿದ್ದವು, ಆದರೆ ಊರೊಳಗೆ ಕಾಲಿಟ್ಟಿರಲಿಲ್ಲ. ಆ ಕಡೆಯವರಿಗೆ ನೆನಪಿರಬಹುದು, ಮಾಗಿ ಚಳಿಯಲ್ಲಿ ಬೀದಿಯ ತುಂಬ ಸೊಗಡಿನ ವಾಸನೆ. ಅವರೆಕಾಯಿ ಸುಲಿದು ಸುಲಿದು ನಮ್ಮ ಬೆರಳ ತುದಿಗಳು ಕಪ್ಪಾಗಿರುತ್ತಿದ್ದವು. ಶಾಲೆಯಲ್ಲಿ ಮೇಷ್ಟ್ರು ಕೈ ನೋಡಿಯೇ ಯಾರ ಮನೆಯಲ್ಲಿ ಹಿತಕಿದ ಬೇಳೆ ಸಾರು ಎಂದು ಹೇಳುತ್ತಿದ್ದರು.

ಅಂಥದೊಂದು ಅವರೆಕಾಯಿ ಕಾಲಕ್ಕೆ ನಮ್ಮೂರಿಗೆ ಕಂಪ್ಯೂಟರ್ ಬಂತು. ರಸ್ತೆಯಾಚೆಯ ಕಂಪನಿಯೊಂದು ಊರ ಮಕ್ಕಳೆಲ್ಲರಿಗೂ ಎಂದು ನಾಲ್ಕು ಕೊಟ್ಟಿತು. ‘ಎಲ್ಲರಿಗೂ’ ಎಂಬ ಮಾತನ್ನು ಅವತ್ತು ಮೈಕಿನಲ್ಲಿ ಎಷ್ಟು ಸಲ ಹೇಳಿದರೋ. ಇಡುವುದೆಲ್ಲಿ? ಶಾಲೆಯ ಸೂರು ಸೋರುತ್ತಿತ್ತು, ಪಂಚಾಯ್ತಿ ಕಚೇರಿಯ ಬಾಗಿಲು ನಾಯಿ ನೂಕಿದರೂ ತೆರೆಯುತ್ತಿತ್ತು. ಗಟ್ಟಿ ಬೀಗ ಮತ್ತು ಕರೆಂಟು ಎರಡೂ ಇದ್ದ ಜಾಗ ಒಂದೇ, ಆಂಜನೇಯನ ಗುಡಿಗೆ ಅಂಟಿಕೊಂಡಿದ್ದ ಭಜನೆ ಮನೆ. ಅದರ ಬೀಗದ ಕೈ ನಮ್ಮ ತಾತನ ಉಡಿದಾರದಲ್ಲಿ ತೂಗುತ್ತಿತ್ತು. ಗುಡಿಗೆ ತಾತನೇ ಯಜಮಾನ.

ಹೀಗೆ ಕಂಪ್ಯೂಟರ್ ದೇವರ ಪಕ್ಕದ ಮನೆ ಸೇರಿತು. ಚಪ್ಪಲಿ ಹೊರಗೆ ಬಿಡಬೇಕು, ಕಾಲು ತೊಳೆಯಬೇಕು. ಪೂಜಾರಪ್ಪ ಪರದೆಗಳ ನೆತ್ತಿಗೆ ಕುಂಕುಮ ಇಟ್ಟು, ಮೇಜಿನ ಕಾಲಿನ ಬಳಿ ನಿಂಬೆಹಣ್ಣು ಹಿಸುಕಿದ. ಹೊಸ ಪ್ಲಾಸ್ಟಿಕ್ಕಿನ ವಾಸನೆಯೂ ಕರ್ಪೂರದ ವಾಸನೆಯೂ ಬೆರೆತು ಆ ಕೋಣೆಗೆ ಬೇರೆಲ್ಲೂ ಇಲ್ಲದ ಒಂದು ಪರಿಮಳ ಬಂದಿತ್ತು. ನಮಗೆ ಅದೇ ಹಬ್ಬ. ಕುಂಟೆಬಿಲ್ಲೆ ಬಿಟ್ಟು ಭಜನೆ ಮನೆಯ ಜಗಲಿಯ ಮೇಲೆ ಸರದಿ ಕಾಯುತ್ತಿದ್ದೆವು.

ಭಾನುವಾರ ಬೆಳಗ್ಗೆ ಕಂಪನಿಯಿಂದ ಮೇಡಂ ಬರುತ್ತಿದ್ದರು. ಇಂಟರ್ನೆಟ್ ಅವರ ಬ್ಯಾಗಿನಲ್ಲೇ ಬರುತ್ತಿತ್ತು. ಬೆರಳುದ್ದದ ಒಂದು ಸಾಧನವನ್ನು ಕಂಪ್ಯೂಟರಿನ ಡಬ್ಬದ ಹಿಂದೆ ಚುಚ್ಚಿದರೆ ಆಯಿತು, ಲೋಕ ತೆರೆಯಿತು. ಅವರು ಹೋದ ಮೇಲೆ ಮುಂದಿನ ಭಾನುವಾರದವರೆಗೆ ಲೋಕ ಬಂದ್. ಹುಡುಗರು ಕಾರಿನ ಆಟಕ್ಕೆ ಮುಗಿಬಿದ್ದರೆ, ನನ್ನ ಅಕ್ಕ ಪದ್ಮ ಕನ್ನಡ ಟೈಪಿಂಗ್ ಕಲಿತಳು. ಹತ್ತನೇ ತರಗತಿಯಲ್ಲಿದ್ದಳು, ನನಗಿಂತ ಆರು ವರ್ಷ ದೊಡ್ಡವಳು. ಅಜ್ಜಿಯ ಬಾಯಿಂದ ಕೇಳಿ ಅವರೆಕಾಳು ಸಾರು ಮಾಡುವ ಬಗೆಯನ್ನು ಒಂದು ಪುಟ ಬರೆದಳು. ಮೇಡಂ ಅದನ್ನು ಇಂಟರ್ನೆಟ್ಟಿಗೆ ಹಾಕಿದರು.

ಎರಡು ವಾರದ ಮೇಲೆ ಉತ್ತರ ಬಂತು. ಬೀದರ್ ಕಡೆಯ ಯಾರೋ ಹೆಂಗಸು ಬರೆದಿದ್ದಳು. ‘ನಿಮ್ಮ ಸಾರು ಮಾಡಿದೆ ತಂಗಿ, ಮನೆಮಂದಿ ಚಪ್ಪರಿಸಿ ಉಂಡರು. ಆದರೆ ಸೊಗಡು ಅಂದರೆ ಏನು? ನಮ್ಮ ಕಡೆ ಗೊತ್ತಿಲ್ಲ.’ ಓದಿ ಮುಗಿಸುವಷ್ಟರಲ್ಲಿ ಅವತ್ತಿನ ಹೊತ್ತು ಮುಗಿದಿತ್ತು. ಅಕ್ಕ ಇಡೀ ವಾರ ಕಾಯಿ ಸುಲಿಯುತ್ತಾ, ಬೆರಳು ಮೂಸಿ ನೋಡುತ್ತಾ ಕೂತಳು. “ಈ ವಾಸನೇನ ಮಾತಲ್ಲಿ ಎಂಗೆ ಏಳೋದೇ?” ಎಂದು ನನ್ನನ್ನು ಕೇಳಿದಳು. ಅವಳ ಜೀವನದಲ್ಲಿ ಊರ ಹೊರಗಿನವರು ಅವಳನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಇನ್ನೊಂದು ಮಾತೂ ಇತ್ತು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಓದು ಹತ್ತಕ್ಕೆ ಮುಗಿಯುತ್ತಿತ್ತು. ಮೇಡಂ ತಾತನ ಹತ್ತಿರ ಪದ್ಮಳನ್ನು ಕಂಪ್ಯೂಟರ್ ಡಿಪ್ಲೊಮಾ ಓದಿಸಿ ಎಂದು ಕೇಳಿದ್ದರು. ತಾತ ಇಲ್ಲವೆನ್ನದೆ “ನೋಡಾಣ” ಎಂದಿದ್ದ. ತಾತನ ಬಾಯಲ್ಲಿ ‘ನೋಡಾಣ’ ಬಂದದ್ದನ್ನು ನಮ್ಮಮ್ಮ ಮದುವೆಯಾದಾಗಿನಿಂದ ಕೇಳಿರಲಿಲ್ಲವಂತೆ.

ಮುಂದಿನ ಭಾನುವಾರಕ್ಕೆ ಒಂದೇ ದಿನ ಇದೆ ಎನ್ನುವಾಗ ಅಕ್ಕ ಹೊರಗಾದಳು. ಆ ಮೂರು ದಿನ ಹೆಣ್ಣುಮಕ್ಕಳು ಹಿತ್ತಲ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಕೂರಬೇಕು, ಗುಡಿಯ ಬೀದಿಗೂ ಹೋಗಬಾರದು. ಅಕ್ಕ ಯಾರಿಗೂ ಹೇಳಲಿಲ್ಲ. ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ಜಡೆ ಹೆಣೆದುಕೊಂಡು, ಎಲ್ಲರ ಹಾಗೆ ಕಾಲು ತೊಳೆದು ಭಜನೆ ಮನೆಯೊಳಗೆ ಹೋಗಿ ಕೂತಳು. ಬೀದರಿನ ಹೆಂಗಸಿಗೆ ಉತ್ತರ ಬರೆಯತೊಡಗಿದಳು. ಅರ್ಧ ಬರೆದಿರಬೇಕು, ಕರೆಂಟು ಹೋಯಿತು. ರಸ್ತೆಯಾಚೆ ಅಪಾರ್ಟ್‌ಮೆಂಟ್ ಏಳತೊಡಗಿದ ಮೇಲೆ ಅದು ದಿನನಿತ್ಯದ ಸಂಗತಿ. ಕಾದು ಕಾದು ಮೇಡಂ ಹೊರಟುಹೋದರು.

ಮಧ್ಯಾಹ್ನ ಅಜ್ಜಿ ಕೊಟ್ಟಿಗೆಯ ಹಿಂದೆ ಒಣಹಾಕಿದ ಬಟ್ಟೆ ನೋಡಿದಳು.

“ಯಾವತ್ತಿಂದ ಆಚೆ ಆಗಿದ್ದೀಯೇ?”

“ನೆನ್ನೆಯಿಂದ.”

“ಬೆಳಗ್ಗೆ ಭಜನೆ ಮನೆಗೋಗಿದ್ದಲ್ಲ?”

“ಅದು ಗುಡಿ ಅಲ್ಲ ಅಜ್ಜಿ, ಕಂಪ್ಯೂಟರು.”

“ಆಂಜನೇಯನ ಗ್ವಾಡೆಗಂಟ್ಕಂಡಿರೋದೆಲ್ಲಾ ಗುಡೀನೇ ಕಣೇ,” ಎಂದು ಅಜ್ಜಿ ತಲೆ ಚಚ್ಚಿಕೊಂಡಳು.

ಸಂಜೆ ಕರೆಂಟು ಬಂತು. ಮೂರು ಕಂಪ್ಯೂಟರ್ ಎದ್ದವು, ಅಕ್ಕ ಕೂತಿದ್ದ ಕಂಪ್ಯೂಟರ್ ಮಾತ್ರ ಏಳಲಿಲ್ಲ. ಅದಕ್ಕೆ ಮುಂಚೆಯೂ ಹಾಗಾಗಿತ್ತು, ಡಬ್ಬದ ಹಿಂದಿನ ಬಟನ್ ಒಮ್ಮೆ ಆರಿಸಿ ಹಾಕಿದರೆ ಸರಿಹೋಗುತ್ತಿತ್ತು. ಆದರೆ ಸುದ್ದಿ ಆಗಲೇ ಊರಿಗೆ ಹಬ್ಬಿತ್ತು. ಜಗಲಿಯ ತುಂಬ ಜನ. ಅಕ್ಕನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ್ದರು. ಅಲ್ಲಿಂದಲೇ ಹೇಳಿದಳು, “ಇಂದ್ಗಡೆ ಬಟನ್ ಒತ್ತಿದ್ರೆ ಸಾಕು ತಾತ.” ತಾತ ಅವಳ ಕಡೆ ತಿರುಗಲಿಲ್ಲ.

ಪೂಜಾರಪ್ಪ ತಾಮ್ರದ ಚೊಂಬಿನಲ್ಲಿ ತೀರ್ಥ ತಂದ. ನೀರು, ಗಂಜಲ, ಅರಿಸಿನ. ಮಾವಿನ ಸೊಪ್ಪು ಅದ್ದಿ ಗೋಡೆಗೆ, ನೆಲಕ್ಕೆ, ಮೇಜಿಗೆ ಚಿಮುಕಿಸಿದ. ಅಕ್ಕ ಕೂತಿದ್ದ ಕಂಪ್ಯೂಟರಿಗೆ ಮಾತ್ರ ಚಿಮುಕಿಸಿದ್ದು ಸಾಲದೆ, ಚೊಂಬನ್ನೇ ಬಗ್ಗಿಸಿದ. ಡಬ್ಬದ ಮೇಲಿನ ಕಿಂಡಿಗಳಲ್ಲಿ ಹಳದಿ ನೀರು ಇಳಿದುಹೋಗುವುದನ್ನು ನಾನು ಕಿಟಕಿಯಿಂದ ನೋಡಿದೆ. ಆಮೇಲೆ ನಮ್ಮ ಚಿಕ್ಕಪ್ಪ ಕೈ ಹಾಕಿ ಅಕ್ಕ ಹೇಳಿದ್ದ ಬಟನ್ನನ್ನೇ ಒತ್ತಿದ. ಚಟ್ ಎಂದಿತು. ಕರ್ಪೂರದ ವಾಸನೆಯ ಮೇಲೆ ಸುಟ್ಟ ವೈರಿನ ವಾಸನೆ ಎದ್ದಿತು.

“ನೋಡಿದ್ರಾ,” ಎಂದ ಪೂಜಾರಪ್ಪ, “ಸ್ವಾಮಿ ತಡ್ಕಳಲ್ಲ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎತ್ತಿಗೆ ಜ್ವರವೂ ಇರಲಿಲ್ಲ.

ಮರುವಾರ ಮೇಡಂ ರಿಪೇರಿಯವನನ್ನು ಕರೆತಂದರು. ಅವನು ಡಬ್ಬ ಬಿಚ್ಚಿದ. ಒಳಗೆ ಒಣಗಿದ ಅರಿಸಿನ, ಒಂದು ಚೂರು ಮಾವಿನ ಸೊಪ್ಪು. “ಯಾರು ಸಾರ್ ನೀರ್ ಹಾಕಿದ್ದು?” ಎಂದು ಕೇಳಿದ. ತಾತ ಆ ಅರಿಸಿನವನ್ನು ನೋಡಿದ. ಚೆನ್ನಾಗಿಯೇ ನೋಡಿದ, ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನಿಗೆ ಅರ್ಥವಾಯಿತು.

“ಎಣ್ಮಕ್ಕಳು ಒಳಕ್ಕೆ ಬಂದ್ಬಿಟ್ಟಿದ್ರು,” ಎಂದ.

ಅಷ್ಟೇ. ಮೇಡಂ ಡಿಪ್ಲೊಮಾದ ಮಾತೆತ್ತಿದರೆ, “ಓದಿದ್ದು ಸಾಕು ಬುಡಿ ಮೇಡಂ” ಎಂದು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡ. ಅಂದಿನಿಂದ ಭಜನೆ ಮನೆಗೆ ಗಂಡುಹುಡುಗರು ಮಾತ್ರ ಹೋದರು. ಮೇಡಂ ಕೆಲವು ವಾರ ಬಂದು, ಜಗಳವಾಡಿ, ಬರುವುದನ್ನೇ ಬಿಟ್ಟರು. ಬೀದರಿನ ಹೆಂಗಸಿಗೆ ಸೊಗಡು ಎಂದರೇನೆಂದು ಯಾರೂ ಹೇಳಲಿಲ್ಲ.

ನನಗೆ ಸಿಟ್ಟು ಪೂಜಾರಪ್ಪನ ಮೇಲಲ್ಲ, ಅವನಿಗೆ ಗೊತ್ತಿದ್ದುದು ಅಷ್ಟೇ. ಅಜ್ಜಿಯ ಮೇಲೆ ಕೂಡ ಅಲ್ಲ. ಗೊತ್ತಾದ ಮೇಲೂ ನಿಜ ಹೇಳದ ತಾತನ ಮೇಲೆ. ಗೋಡೆಯ ಮೇಲಿನ ಅವನ ಫೋಟೋಗೆ ಹಬ್ಬದ ದಿನ ನಾನು ಹೂ ಹಾಕುವುದಿಲ್ಲ. ಮನೆಯವರು ಕಾರಣ ಕೇಳುವುದನ್ನು ಬಿಟ್ಟಿದ್ದಾರೆ.

ಈಗ ಕೆರೆಯ ಹಿಂದೆ ಅವರೆಯಿಲ್ಲ, ನಮ್ಮ ಚಿಕ್ಕಪ್ಪನ ಪಿ.ಜಿ. ಕಟ್ಟಡಗಳಿವೆ. ಅಲ್ಲಿರುವ ಹುಡುಗಿಯರು ತಿಂಗಳ ಮೂವತ್ತೂ ದಿನ ಕಂಪ್ಯೂಟರ್ ಮುಂದೆಯೇ ಕೂರುತ್ತಾರೆ, ಅವರ ಬಾಡಿಗೆಯನ್ನು ಚಿಕ್ಕಪ್ಪ ಕಣ್ಣಿಗೊತ್ತಿಕೊಂಡು ತೆಗೆದುಕೊಳ್ಳುತ್ತಾನೆ. ಗುಡಿಗೆ ಗ್ರಾನೈಟ್ ಬಂದಿದೆ, ಗರ್ಭಗುಡಿಗೆ ಕ್ಯಾಮೆರಾ ಬಂದಿದೆ. ಶನಿವಾರದ ಅಭಿಷೇಕ ಫೋನಿನಲ್ಲಿ ಲೈವ್ ಬರುತ್ತದೆ. ಫೋನಿನೊಳಗಿನ ಆಂಜನೇಯ ಯಾರು ಒಳಗೆ, ಯಾರು ಹೊರಗೆ ಎಂದು ಕೇಳುವುದಿಲ್ಲ. ಲೋಕ ಎಲ್ಲರ ಅಂಗೈಗೆ ಬಂತು, ನಿಜ. ಅಕ್ಕನ ಪಾಲಿಗೆ ಮಾತ್ರ ಹೊತ್ತು ಮೀರಿ ಬಂತು.

ಅವಳನ್ನು ಸರ್ಜಾಪುರದ ಕಡೆಗೆ ಕೊಟ್ಟರು. ಹೋದ ಮಾಗಿಯಲ್ಲಿ ಅವರೆಕಾಯಿ ತೆಗೆದುಕೊಂಡು ಹೋಗಿದ್ದೆ. ಇಬ್ಬರೂ ಸುಲಿಯುತ್ತಾ ಕೂತಿದ್ದೆವು. ಏಳನೇ ತರಗತಿಯ ಅವಳ ಮಗಳು ಶಾಲೆಯ ಯಾವುದೋ ಪಾಠಕ್ಕೆ ಫೋನ್ ಹಿಡಿದುಕೊಂಡು ಬಂದಳು. “ಅಮ್ಮಾ, ನಮ್ಮನೆ ಸಾರು ಎಂಗೆ ಮಾಡೋದು ಅಂತ ಬರೀಬೇಕಂತೆ. ನೀನೇ ಟೈಪ್ ಮಾಡು, ನನ್ಗೆ ಕನ್ನಡದಲ್ಲಿ ಬರಿಯಕ್ಕೆ ಬರಲ್ಲ.”

ಅಕ್ಕ ಪರದೆಯನ್ನು ನೋಡಿದಳು. ಆಮೇಲೆ ಕಪ್ಪಾದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಹಿಂದೆ ಸರಿದಳು.

“ನಾನ್ ಬ್ಯಾಡ ಕಣೇ, ಚಿಕ್ಕಮ್ಮನ್ನ ಕೇಳು. ನಾನ್ ಮುಟ್ಟಿದ್ರೆ ಅದು ಕೆಟ್ಟೋಗ್ತದೆ.”

ಮಗಳು ನಕ್ಕಳು. ತಮಾಷೆಗೆ ಹೇಳಿದವಳಂತೆ ಅಕ್ಕನೂ ನಕ್ಕಳು, ಕೈಯನ್ನು ಮಾತ್ರ ಸೆರಗಿನಿಂದ ಹೊರಗೆ ತೆಗೆಯಲಿಲ್ಲ.